ಬೀದರಿನಿಂದ ನ್ಯೂಜಿಲೆಂಡಿಗೆ: ಮೋಟರ್‌ಹೋಮ್ ಬಾಡಿಗೆ ಹಿಡಿಯುವ ಮುಂಚೆ ಇಷ್ಟು ತಿಳ್ಕೊಳ್ಳಿ

ದಿನಕ್ಕೆ ಇಷ್ಟು ಡಾಲರ್ ಬಾಡಿಗೆ ಅಂತ ನೋಡಿ, ಅದನ್ನು ದಿನಗಳಿಂದ ಗುಣಿಸಿ ಬಜೆಟ್ ಹಾಕಬೇಡಿ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಮೋಟರ್‌ಹೋಮ್ (ಹಾಸಿಗೆ, ಒಲೆ, ಕಕ್ಕಸು ಎಲ್ಲಾ ಒಳಗೇ ಇರುವ ಗಾಡಿ) ಓಡಿಸಿಕೊಂಡು ತಿರುಗಾಡಿ ಬಂದ ಮೇಲೆ ಬೀದರ, ಕಲಬುರಗಿ ಕಡೆಯ ಪರಿಚಯದವರೆಲ್ಲ ಕೇಳುವುದು ಅದೊಂದೇ: ‘ದಿನಕ್ಕೆಷ್ಟು ಬಿತ್ತು?’ ಒಂದೇ ಅಂಕಿ ಹೇಳಿದರೆ ಅದು ಮೋಸ. ನಮಗೂ ಹಾಗೆ ಒಂದೇ ಅಂಕಿ ತೋರಿಸಿದ್ದರು.

ಮೊದಲ ಪೆಟ್ಟು ಬಿದ್ದದ್ದು ಕ್ರೈಸ್ಟ್‌ಚರ್ಚಿನಲ್ಲಿ, ಗಾಡಿ ಕೊಡುವ ಕೌಂಟರಿನಲ್ಲೇ. ಗಾಡಿಗೆ ಏನಾದರೂ ಆದರೆ ನಮ್ಮ ಪಾಲಿನ ಹೊಣೆ 7,500 ಡಾಲರ್, ಅಷ್ಟೂ ಈಗಲೇ ಕಾರ್ಡಿನಲ್ಲಿ ಇಡಬೇಕು ಅಂದರು. ಅಲ್ಲಿನ ಒಂದು ಡಾಲರಿಗೆ ಸುಮಾರು 50 ರೂಪಾಯಿ ಹಿಡಿಯಿರಿ. ಮೂರು ಮುಕ್ಕಾಲು ಲಕ್ಷ! ಅದೂ ಗಾಡಿ ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡೇ ಆಗಬೇಕು. ದುಡ್ಡು ತುಂಬಿಸಿಕೊಂಡು ಹೋಗಿದ್ದ ಫಾರೆಕ್ಸ್ ಕಾರ್ಡ್ ಅವರು ಮುಟ್ಟಲಿಲ್ಲ. ಕ್ರೆಡಿಟ್ ಕಾರ್ಡಿನ ಮಿತಿ ಸಾಲಲಿಲ್ಲ. ಹಾಗಾದರೆ ದಿನಕ್ಕೆ ಇಷ್ಟು ಜಾಸ್ತಿ ಕಟ್ಟಿ ಹೊಣೆ ಇಳಿಸಿಕೊಳ್ಳಿ ಅಂದರು. ರಾತ್ರಿಯೆಲ್ಲ ವಿಮಾನದಲ್ಲಿ ಕೂತು ಬಂದ ಅವ್ವ ಪಕ್ಕದ ಬೆಂಚಿನ ಮೇಲೆ ತೂಕಡಿಸುತ್ತಿದ್ದರು, ಮಗ ಅಳುತ್ತಿದ್ದ. ಅಂಥ ಹೊತ್ತಲ್ಲಿ ಯಾರು ಚೌಕಾಸಿ ಮಾಡುತ್ತಾರೆ? ಕಟ್ಟಿದೆವು. ಬಾಡಿಗೆಯ ಮೂರನೇ ಒಂದು ಭಾಗದಷ್ಟು ಅಲ್ಲೇ ಏರಿತು.

ಹಾಗಾಗಿ ಬುಕ್ ಮಾಡುವ ಮುಂಚೆಯೇ ಮೇಲ್ ಹಾಕಿ ಕೇಳಿ. ಬಾಂಡ್, ಅಂದರೆ ಹೊಣೆಗೆ ಅಂತ ಇಡುವ ದುಡ್ಡು, ಎಷ್ಟು? ಅದನ್ನು ಕಾರ್ಡಿನಲ್ಲಿ ಸುಮ್ನೆ ತಡೆಹಿಡಿಯುತ್ತೀರೋ, ನಿಜವಾಗಿ ಕಡಿದುಕೊಳ್ಳುತ್ತೀರೋ? ಕಡಿದುಕೊಂಡರೆ ವಾಪಸ್ ಬರುವಾಗ ಡಾಲರ್ ರೇಟು ಬೇರೆ ಇರುತ್ತದೆ, ನಮ್ಮ ಬ್ಯಾಂಕಿನ ಪರಿವರ್ತನೆ ಶುಲ್ಕ ಬೇರೆ. ಹೊಣೆ ಸೊನ್ನೆಗೆ ಇಳಿಸುವ ಪ್ಲಾನ್ ತಗೊಂಡರೂ ಗಾಡಿಯ ಛಾವಣಿಗೆ, ತಳಕ್ಕೆ ಆದ ಪೆಟ್ಟು ಕೆಲವು ಸಲ ಅದರಲ್ಲಿ ಸೇರುವುದಿಲ್ಲ. ಎತ್ತರದ ಗಾಡಿ, ಮರದ ಕೊಂಬೆ ತಾಗುವುದು ಛಾವಣಿಗೇ ಅಲ್ವಾ? ಅವರ ಉತ್ತರ ಬರಹದಲ್ಲಿ ಇರಲಿ. ಮನೆಯಿಂದ ಹೊರಡುವ ಮುಂಚೆ ಕಾರ್ಡಿನ ಮಿತಿ ಏರಿಸಿಕೊಳ್ಳಿ.

ಎರಡನೆಯದು ಡೀಸೆಲ್. ಅಲ್ಲಿ ಪಂಪಿನಲ್ಲಿ ಡೀಸೆಲ್ ಬೆಲೆ ಸಾಮಾನ್ಯವಾಗಿ ಪೆಟ್ರೋಲಿಗಿಂತ ಕಡಿಮೆ ಕಾಣುತ್ತದೆ. ಖುಷಿಪಡಬೇಡಿ. ಪೆಟ್ರೋಲಿನ ರಸ್ತೆ ತೆರಿಗೆ ಪಂಪಿನ ಬೆಲೆಯಲ್ಲೇ ಸೇರಿರುತ್ತದೆ. ಡೀಸೆಲ್ ಗಾಡಿಗೆ ಓಡಿದ ಕಿಲೋಮೀಟರ್ ಲೆಕ್ಕದಲ್ಲಿ ಬೇರೆಯೇ ತೆರಿಗೆ. ರೋಡ್ ಯೂಸರ್ ಚಾರ್ಜ್ ಅಂತಾರೆ. 3.5 ಟನ್ ಒಳಗಿನ ಗಾಡಿಗೆ ಸರ್ಕಾರದ ದರವೇ 1000 ಕಿಲೋಮೀಟರಿಗೆ 76 ಡಾಲರ್ ಇತ್ತು. ಬಾಡಿಗೆಯವರು ಅದಕ್ಕೆ ತಮ್ಮದೂ ಸ್ವಲ್ಪ ಸೇರಿಸಿ, ಗಾಡಿ ವಾಪಸ್ ಕೊಡುವ ದಿನ ಮೀಟರ್ ನೋಡಿ ಬಿಲ್ ಕೊಡುತ್ತಾರೆ. ಮೋಟರ್‌ಹೋಮ್‌ಗಳು ಹೆಚ್ಚಾಗಿ ಡೀಸೆಲ್ ಗಾಡಿಗಳೇ. ನಿಮ್ಮ ದಾರಿಯ ಕಿಲೋಮೀಟರ್ ಕೂಡಿಸಿ, ಈ ದುಡ್ಡು ಮೊದಲೇ ತೆಗೆದಿಡಿ.

ಲೈಸೆನ್ಸ್ ವಿಷಯ ಸುಲಭ. ಬೀದರಿನ ಆರ್‌ಟಿಒದಲ್ಲೇ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಆಗುತ್ತದೆ. ಫಾರ್ಮ್ 4ಎ, ಪಾಸ್‌ಪೋರ್ಟ್, ವೀಸಾ, ಟಿಕೆಟಿನ ಪ್ರತಿ, 1000 ರೂಪಾಯಿ. ಒಂದು ವರ್ಷ ನಡೆಯುತ್ತದೆ. ನಮ್ಮ ಲೈಸೆನ್ಸ್ ಕಾರ್ಡಿನಲ್ಲಿ ಇಂಗ್ಲಿಷ್ ಇದ್ದರೂ ಕೌಂಟರಿನಲ್ಲಿ ಲೈಸೆನ್ಸ್, ಪರ್ಮಿಟ್ ಎರಡನ್ನೂ ಕೇಳಿದರು. ಅಲ್ಲೂ ಎಡಗಡೆಯೇ ಓಡಿಸುವುದು, ಸ್ಟೇರಿಂಗ್ ಬಲಕ್ಕೇ ಇರುತ್ತದೆ. ಅಲ್ಲಿನ ಕಾನೂನಿನಲ್ಲಿ ಕಾರಿನ ಲೈಸೆನ್ಸ್ ಮೇಲೆಯೇ 6 ಟನ್‌ವರೆಗಿನ ಗಾಡಿ ಓಡಿಸಬಹುದು. ಆದರೆ 3.5 ಟನ್ ಮೀರಿದ ಗಾಡಿಗೆ ವೇಗದ ಮಿತಿ 90. ಬೇರೆಯವರಿಗೆ 100 ಇರುವ ರಸ್ತೆಯಲ್ಲಿ ನಿಮ್ಮ ಹಿಂದೆ ಸಾಲು ಬೆಳೆಯುತ್ತದೆ. ಜಾಗ ಸಿಕ್ಕಾಗಲೆಲ್ಲ ಎಡಕ್ಕೆ ತಗೊಂಡು ದಾರಿ ಬಿಡಿ. ಯಾರೂ ಹಾರ್ನ್ ಹೊಡೆಯುವುದಿಲ್ಲ, ಅದಕ್ಕೇ ನಾವೇ ಕನ್ನಡಿ ನೋಡುತ್ತಿರಬೇಕು. ಒಂದೇ ಗಾಡಿ ಹಿಡಿಸುವ ಸೇತುವೆಗಳು ಬಹಳ ಬರುತ್ತವೆ. ಫಲಕದಲ್ಲಿ ನಿಮ್ಮ ಕಡೆಯ ಬಾಣ ಕೆಂಪು, ಸಣ್ಣದು ಇದ್ದರೆ ನಿಂತು ಎದುರಿನವರನ್ನು ಬಿಡಬೇಕು. ಅಲ್ಲಿ ಮೊದಲು ನುಗ್ಗಿದವನದೇ ದಾರಿ ಅನ್ನುವ ಲೆಕ್ಕ ಇಲ್ಲ.

ಚಿಕ್ಕ ಮಕ್ಕಳಿದ್ದರೆ ಇನ್ನೊಂದು ಮಾತು. ಏಳು ವರ್ಷ ತುಂಬುವವರೆಗೆ ಮಕ್ಕಳ ಸೀಟು ಕಡ್ಡಾಯ. ‘ನಾಲ್ಕು ಜನರ ಗಾಡಿ’ ಅಂದರೆ ನಾಲ್ಕು ಜನ ಮಲಗಬಹುದು ಅಂತ ಅರ್ಥ ಅಷ್ಟೇ. ಮಕ್ಕಳ ಸೀಟು ಕಟ್ಟುವಂಥ ಜಾಗ ಎಲ್ಲ ಗಾಡಿಯಲ್ಲೂ ಇರುವುದಿಲ್ಲ. ಮಗುವಿನ ವಯಸ್ಸು ಹೇಳಿಯೇ ಬುಕ್ ಮಾಡಿ. ವಯಸ್ಸಾದವರಿಗೆ ಡ್ರೈವರ್ ತಲೆಯ ಮೇಲಿನ ಹಾಸಿಗೆ ಬೇಡ, ಏಣಿ ಹತ್ತಬೇಕು. ಅವ್ವ ಗಾಡಿ ಹತ್ತುತ್ತಲೇ ‘ನಾ ಅಟ್ಟ ಹತ್ತಂಗಿಲ್ಲ ನೋಡಪ್ಪಾ’ ಅಂದುಬಿಟ್ಟರು. ಹಿಂದಿನ ಕೆಳಗಿನ ಹಾಸಿಗೆ ಅವರಿಗೆ ಬಿಟ್ಟೆವು.

ಯಾವಾಗ ಹೋಗಬೇಕು? ಏಪ್ರಿಲ್. ನಮ್ಮ ಶಾಲೆಗಳಿಗೆ ರಜೆ, ಕಲಬುರಗಿ 42 ಡಿಗ್ರಿಯಲ್ಲಿ ಕುದಿಯುವ ಕಾಲ. ಅಲ್ಲಿ ಆಗ ಎಲೆ ಹಣ್ಣಾಗಿ ಉದುರುವ ಕಾಲ. ಡಿಸೆಂಬರಿನಿಂದ ಫೆಬ್ರವರಿ ಅವರ ಬೇಸಿಗೆ. ಆಗ ಬಾಡಿಗೆ ಏರಿರುತ್ತದೆ, ಎಲ್ಲಾ ಕಡೆ ಜನವೋ ಜನ. ನನಗೆ ಗದ್ದಲ ಆಗುವುದಿಲ್ಲ, ಹಾಗಾಗಿ ಇದು ನನ್ನ ಲೆಕ್ಕ. ಚಳಿ ತಡೆಯದವರಿಗೆ ಏಪ್ರಿಲ್ ಕಷ್ಟ. ಟೆಕಾಪೊ ಸರೋವರದ ಸುತ್ತಲಿನ ಬಯಲಲ್ಲಿ ರಾತ್ರಿ ಸೊನ್ನೆಯ ಹತ್ತಿರ ಇಳಿಯುತ್ತದೆ. ಕರೆಂಟ್ ಇಲ್ಲದ ಕಡೆಯೂ ಓಡುವ ಡೀಸೆಲ್ ಹೀಟರ್ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಎರಡು ದಿನ ನೆನಪಿಡಿ. ಗುಡ್ ಫ್ರೈಡೇ ದಿನ ಹೆಚ್ಚಿನ ಅಂಗಡಿಗಳು ಪೂರ್ತಿ ಬಂದ್. ಏಪ್ರಿಲ್ 25 ಆನ್ಝಾಕ್ ದಿನ (ಯುದ್ಧದಲ್ಲಿ ಮಡಿದವರನ್ನು ನೆನೆಯುವ ದಿನ), ಅಂದು ಮಧ್ಯಾಹ್ನ 1 ಗಂಟೆವರೆಗೆ ಬಂದ್. ಹಿಂದಿನ ದಿನವೇ ಹಾಲು, ತರಕಾರಿ ತುಂಬಿಸಿಕೊಳ್ಳಿ.

ಇನ್ನು ಊಟ. ನಾವು ಶಾಕಾಹಾರಿಗಳು. ಮೋಟರ್‌ಹೋಮ್ ಆರಿಸಿದ್ದಕ್ಕೆ ದೊಡ್ಡ ಕಾರಣ ಅದೇ. ಒಲೆ ನಮ್ಮದು, ಪಾತ್ರೆ ನಮ್ಮದು. ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಕಲಬುರಗಿ ತೊಗರಿಬೇಳೆ ಚೀಲದಲ್ಲಿದ್ದವು. ವಿಮಾನದಿಂದ ಇಳಿದಾಗ ತಿನ್ನುವ ಪ್ರತಿಯೊಂದು ವಸ್ತುವನ್ನೂ ಅರ್ಜಿಯಲ್ಲಿ ತೋರಿಸಬೇಕು. ತೋರಿಸದೆ ಸಿಕ್ಕಿಬಿದ್ದರೆ ಅಲ್ಲೇ 400 ಡಾಲರ್ ದಂಡ, ಅಂದರೆ 20 ಸಾವಿರ ರೂಪಾಯಿ. ತೋರಿಸಿದರೆ ದಂಡ ಇಲ್ಲ. ಬೇಡವಾದದ್ದನ್ನು ಅವರು ತೆಗೆದಿಟ್ಟುಕೊಳ್ಳುತ್ತಾರೆ ಅಷ್ಟೇ. ಜೇನುತುಪ್ಪ, ಹಸಿ ಕರಿಬೇವು, ನಿಂಬೆಹಣ್ಣು, ಹಸಿಮೆಣಸಿನಕಾಯಿ ಒಯ್ಯಲೇಬೇಡಿ. ಬೂಟಿಗೆ ಹೊಲದ ಮಣ್ಣು ಹತ್ತಿದ್ದರೆ ಮನೆಯಲ್ಲೇ ತೊಳೆದುಕೊಂಡು ಹೋಗಿ, ಅದನ್ನೂ ನೋಡುತ್ತಾರೆ. ನಮ್ಮ ಚೀಲ ಪೂರ್ತಿ ಬಿಚ್ಚಿಸಿದ ಅಧಿಕಾರಿ ರೊಟ್ಟಿ ಎತ್ತಿ ಹಿಡಿದು ಏನು ಅಂತ ಕೇಳಿದರು. ಬೇಯಿಸಿ ಒಣಗಿಸಿದ ಜೋಳದ ರೊಟ್ಟಿ ಅಂದಾಗ ವಾಪಸ್ ಕೊಟ್ಟರು. ಪ್ರತಿ ಕಟ್ಟಿನ ಮೇಲೆ ಏನಿದೆ ಅಂತ ಇಂಗ್ಲಿಷಿನಲ್ಲಿ ಬರೆದು ಅಂಟಿಸಿ, ಹೊತ್ತು ಉಳಿಯುತ್ತದೆ.

ಒಗ್ಗರಣೆ ಹಾಕುವಾಗ ಬಾಗಿಲು, ಕಿಟಕಿ ಎರಡೂ ತೆರೆದಿಡಿ. ಸಾಸಿವೆ ಸಿಡಿಯುವ ಹೊತ್ತಿಗೆ ಹೊಗೆಯ ಅಲಾರಾಂ ಕೂಗುತ್ತದೆ. ಮೈಕ್ರೋವೇವ್ ಕರೆಂಟ್ ಕನೆಕ್ಷನ್ ಇರುವ ಕ್ಯಾಂಪಿನಲ್ಲಿ ಮಾತ್ರ ಓಡುತ್ತದೆ. ಅದನ್ನು ನಂಬಿ ಅಡುಗೆ ಯೋಚಿಸಬೇಡಿ.

ಶೌಚದ ಮಾತು ಯಾರೂ ಬಿಡಿಸಿ ಹೇಳುವುದಿಲ್ಲ, ನಾನು ಹೇಳುತ್ತೇನೆ. ಗಾಡಿಯೊಳಗಿನ ಕಕ್ಕಸಿನ ಕೆಳಗೆ ಸುಮಾರು 20 ಲೀಟರಿನ ಪೆಟ್ಟಿಗೆ ಇರುತ್ತದೆ. ನಾಲ್ಕು ಜನ ಬಳಸಿದರೆ ಎರಡು ದಿನಕ್ಕೆ ತುಂಬುತ್ತದೆ. ಅದನ್ನು ಹೊರಗಿನಿಂದ ಎಳೆದು, ಡಂಪ್ ಸ್ಟೇಷನ್‌ಗೆ (ಹೊಲಸು ಸುರಿಯಲೆಂದೇ ಮಾಡಿದ ಜಾಗ) ಒಯ್ದು, ನೀವೇ ಸುರಿದು ತೊಳೆಯಬೇಕು. ಬೇರೆ ಯಾರೂ ಬರುವುದಿಲ್ಲ. ಬರಬಾರದು ಕೂಡ. ನಮ್ಮ ಹೊಲಸನ್ನು ನಾವೇ ತೆಗೆಯುವುದರಲ್ಲಿ ಕೀಳು ಏನೂ ಇಲ್ಲ. ಗಂಡಸರು ಇದನ್ನು ಹೆಂಡತಿ ಮೇಲೆ ಹಾಕುವ ಹಾಗಿದ್ದರೆ ಹೋಟೆಲಿನಲ್ಲೇ ಇಳಿದುಕೊಳ್ಳಲಿ. ರಬ್ಬರ್ ಕೈಗವಸು ಮೊದಲ ದಿನವೇ ಕೊಳ್ಳಿ. ಬಹಳಷ್ಟು ಊರುಗಳಲ್ಲಿ ಸಾರ್ವಜನಿಕ ಡಂಪ್ ಸ್ಟೇಷನ್ ಇದೆ, ಹೆಚ್ಚಿನವು ಪುಕ್ಕಟೆ. ಕ್ಯಾಂಪರ್‌ಮೇಟ್ ಆ್ಯಪಿನಲ್ಲಿ ಹುಡುಕಬಹುದು. ಅಲ್ಲಿ ತೊಳೆಯುವ ನಲ್ಲಿ ಬೇರೆ, ಕುಡಿಯುವ ನೀರಿನ ನಲ್ಲಿ ಬೇರೆ. ಫಲಕ ಓದಿಯೇ ಟ್ಯಾಂಕ್ ತುಂಬಿಸಿ. ಪಾತ್ರೆ ತೊಳೆದ ನೀರನ್ನೂ ರಸ್ತೆ ಬದಿ ಬಿಡುವ ಹಾಗಿಲ್ಲ.

ಇದಕ್ಕೂ ಪುಕ್ಕಟೆ ಜಾಗದಲ್ಲಿ ರಾತ್ರಿ ನಿಲ್ಲುವುದಕ್ಕೂ ಸಂಬಂಧ ಇದೆ. ಹಲವು ಊರುಗಳು ಗುರುತು ಮಾಡಿದ ಜಾಗದಲ್ಲಿ ದುಡ್ಡಿಲ್ಲದೆ ನಿಲ್ಲಲು ಬಿಡುತ್ತವೆ, ಆದರೆ ಹೆಚ್ಚಿನ ಕಡೆ ಗಾಡಿಗೆ ‘ಸೆಲ್ಫ್ ಕಂಟೇನ್ಡ್’ ಪ್ರಮಾಣಪತ್ರ ಇರಬೇಕು, ಅಂದರೆ ಕಕ್ಕಸು, ಕೊಳೆ ನೀರು ಎಲ್ಲಾ ಗಾಡಿಯೊಳಗೇ ಇಟ್ಟುಕೊಳ್ಳುತ್ತದೆ ಅನ್ನುವ ಪತ್ರ. 2023ರಲ್ಲಿ ಕಾನೂನು ಬಿಗಿ ಮಾಡಿದರು. ಹೊಸ ನಿಯಮದಲ್ಲಿ ಗಾಡಿಗೆ ಕೂಡಿಸಿದ ಕಕ್ಕಸೇ ಬೇಕು, ಎತ್ತಿಡುವ ಡಬ್ಬಿ ನಡೆಯುವುದಿಲ್ಲ. ಹೊಸ ಪ್ರಮಾಣಪತ್ರದ ಬಣ್ಣ ಹಸಿರು. ಗಾಡಿ ಗಾಜಿನ ಮೇಲೆ ಅದು ಇದೆಯೇ ಅಂತ ಕೀ ತಗೊಳ್ಳುವ ಮುಂಚೆ ನೋಡಿ.

ಕ್ವೀನ್ಸ್‌ಟೌನಿನಲ್ಲಿ ನಾವು ಇಳಿದ ಹಾಲಿಡೇ ಪಾರ್ಕ್ (ದುಡ್ಡು ಕೊಟ್ಟು ಗಾಡಿ ನಿಲ್ಲಿಸುವ ಕ್ಯಾಂಪ್) ಬಗ್ಗೆ ಇನ್ನೂ ಹೊಟ್ಟೆ ಉರಿಯುತ್ತದೆ. ಗಾಡಿ ನಮ್ಮದು, ಹಾಸಿಗೆ ನಮ್ಮದು, ಆದರೂ ತಲೆಗಿಷ್ಟು ಅಂತ ಲೆಕ್ಕ, ಅವ್ವನಿಗೂ ಪೂರ್ತಿ ದರ. ಪಕ್ಕದ ಗಾಡಿ ಎಷ್ಟು ಹತ್ತಿರ ಅಂದರೆ ಅವರ ಮಾತೆಲ್ಲ ನಮ್ಮ ಕಿಟಕಿಯಲ್ಲಿ. ಸ್ನಾನಕ್ಕೆ ಸಾಲು, ಅಡುಗೆಮನೆಯಲ್ಲಿ ಸಾಲು. ಈಸ್ಟರ್ ರಜೆ, ಬೇರೆಲ್ಲೂ ಜಾಗ ಇಲ್ಲ ಅಂತ ಗೊತ್ತಿದ್ದೇ ಆ ದರ ಇಟ್ಟಿದ್ದರು. ಆ ಊರಿನಲ್ಲಿ ರಾತ್ರಿ ನಿಲ್ಲಬೇಡಿ ಅಂತಲೇ ನನ್ನ ಸಲಹೆ. ಹಗಲು ನೋಡಿ, ಮುಂದಕ್ಕೆ ಹೋಗಿ.

ಆದರೆ ಆವೊರಾಕಿ (ಮೌಂಟ್ ಕುಕ್) ಬೆಟ್ಟದ ಬುಡದಲ್ಲಿ ಸರ್ಕಾರದ ಸಂರಕ್ಷಣಾ ಇಲಾಖೆಯ ವೈಟ್ ಹಾರ್ಸ್ ಹಿಲ್ ಕ್ಯಾಂಪ್ ಇದೆ. ಕರೆಂಟ್ ಇಲ್ಲ, ಬಿಸಿನೀರಿಲ್ಲ, ಗಾಳಿ ಗಾಡಿಯನ್ನೇ ಅಲುಗಾಡಿಸುತ್ತದೆ. ಆದರೆ ಬಾಗಿಲು ತೆರೆದರೆ ಎದುರಿಗೆ ಹಿಮದ ಗೋಡೆ. ಆವೊರಾಕಿ ನ್ಯೂಜಿಲೆಂಡಿನ ಅತಿ ಎತ್ತರದ ಬೆಟ್ಟ, 3,724 ಮೀಟರ್. ದರವೂ ಕೈಗೆಟಕುವಂಥದು. ಸಂಜೆಯೊಳಗೆ ತಲುಪಿದರೆ ಒಳ್ಳೆಯ ಜಾಗ ಸಿಗುತ್ತದೆ. ಅವ್ವ ರಾತ್ರಿ ಎರಡೆರಡು ಸಲ ಎದ್ದು ನಕ್ಷತ್ರ ನೋಡಿದರು. ಆ ಭಾಗದಲ್ಲಿ ರಾತ್ರಿಯ ಕತ್ತಲನ್ನೇ ಕಾಯ್ದುಕೊಳ್ಳುತ್ತಾರೆ, ಬೀದಿದೀಪಕ್ಕೂ ನಿಯಮ ಇದೆ.

ಟ್ವೈಝಲ್ ಅನ್ನುವ ಸಣ್ಣ ಊರಿನಲ್ಲಿ ತಿಂದ ಚಿಪ್ಸ್ ಬಗ್ಗೆ ಹೇಳಲೇಬೇಕು. ಅಲ್ಲಿ ಮೀನು, ಆಲೂಗಡ್ಡೆ ಕರಿದು ಕೊಡುವ ಅಂಗಡಿ ಪ್ರತಿ ಊರಿನಲ್ಲಿ ಇರುತ್ತದೆ. ಎಷ್ಟೋ ಅಂಗಡಿಗಳು ದನದ ಕೊಬ್ಬಿನಲ್ಲಿ ಕರಿಯುತ್ತವೆ. ನಮ್ಮಂಥವರು ಕೇಳಿಯೇ ಕೊಳ್ಳಬೇಕು. ಎರಡು ಕಡೆ ಕೇಳಿ ಹೊರಗೆ ಬಂದಿದ್ದೆವು. ಇಲ್ಲಿ ಕೌಂಟರಿನ ಹಿಂದಿನ ಅಮ್ಮ ಎಣ್ಣೆಯ ಡಬ್ಬಿಯನ್ನೇ ತಂದು ತೋರಿಸಿದರು: ಸಸ್ಯದ ಎಣ್ಣೆ. ಮೀನು ಕರಿಯುವ ಬಾಣಲೆ ಬೇರೆ ಅಂತ ಅದನ್ನೂ ತೋರಿಸಿದರು. ಆಲೂಗಡ್ಡೆ ಒಂದು ಸ್ಕೂಪ್, ಕುಮರಾ ಒಂದು ಸ್ಕೂಪ್ ಹೇಳಿದೆವು. ಕುಮರಾ ಅಂದರೆ ಗೆಣಸು, ಮಾವೊರಿ ಜನರ ಹಳೆಯ ಬೆಳೆ. ಕಾಗದದಲ್ಲಿ ಸುತ್ತಿ ಕೊಟ್ಟ ಕಟ್ಟು ಮಡಿಲಲ್ಲಿ ಇಟ್ಟುಕೊಂಡರೆ ಬಿಸಿ ತಡೆಯುತ್ತಿರಲಿಲ್ಲ. ಹೊರಗೆ ಗರಿಗರಿ, ಒಳಗೆ ಸಿಹಿ. ಅದರ ಮೇಲೆ ಹೆಂಡತಿ ಶೇಂಗಾ ಹಿಂಡಿ ಉದುರಿಸಿದಳು. ಆಮೇಲೆ ಯಾರೂ ಮಾತಾಡಲಿಲ್ಲ. ಒಂದು ಸ್ಕೂಪ್ ಇಬ್ಬರಿಗೆ ಸಾಕು. ಹೋಟೆಲಿನಲ್ಲಿ ಒಬ್ಬರ ಊಟಕ್ಕೆ ಕೊಡುವುದಕ್ಕಿಂತ ಕಡಿಮೆಯಲ್ಲಿ ನಾಲ್ವರ ಹೊಟ್ಟೆ ತುಂಬಿತು. ಮಾರನೆಯ ದಿನವೂ ಅಲ್ಲೇ ಹೋದೆವು. ಅಂಗಡಿಯ ಅಮ್ಮನಿಗೂ ಒಂದಿಷ್ಟು ಹಿಂಡಿ ಕೊಟ್ಟೆವು. ಖಾರಕ್ಕೆ ಕಣ್ಣು ತುಂಬಿದರೂ ಇನ್ನೊಂದು ಚಿಟಿಕೆ ಬೇಡಿ ಹಾಕಿಸಿಕೊಂಡರು.

ಪಶ್ಚಿಮ ಕರಾವಳಿಯಲ್ಲಿ ಸ್ಯಾಂಡ್‌ಫ್ಲೈ ಅನ್ನುವ ಸಣ್ಣ ನೊಣಗಳು ಕಚ್ಚುತ್ತವೆ, ತುಂಬು ತೋಳಿನ ಬಟ್ಟೆ ಬೇಕು. ಆರ್ಥರ್ಸ್ ಪಾಸ್ ಘಾಟಿಯಲ್ಲಿ ಕಿಯಾ ಅನ್ನುವ ಹಸಿರು ಗಿಳಿಗಳು ಗಾಡಿಯ ಕಿಟಕಿ ರಬ್ಬರನ್ನು ಕಿತ್ತು ಎಳೆಯುತ್ತವೆ. ನೋಡಲು ಚಂದ, ಆದರೆ ಗಾಡಿ ಬಿಟ್ಟು ದೂರ ಹೋಗಬೇಡಿ. ತಿನ್ನಲು ಏನೂ ಹಾಕಬೇಡಿ.

ವೀಸಾ ಖರ್ಚಿನ ಜೊತೆ ಪ್ರವಾಸಿಗರ ಲೆವಿ (ತೆರಿಗೆ) ತಲೆಗೆ 100 ಡಾಲರ್ ಕಟ್ಟಬೇಕು. 2024ರ ಅಕ್ಟೋಬರಿಗೆ ಮುಂಚೆ ಅದು 35 ಇತ್ತು. ಹಳೆಯ ವಿಡಿಯೋ ನೋಡಿ ಲೆಕ್ಕ ಹಾಕಬೇಡಿ. ಭಾರತದಿಂದ ನೇರ ವಿಮಾನ ಇಲ್ಲ. ನಮ್ಮ ಕಡೆಯವರಿಗೆ ಹೈದರಾಬಾದಿನಿಂದ ಸಿಂಗಾಪುರ, ಅಲ್ಲಿಂದ ಕ್ರೈಸ್ಟ್‌ಚರ್ಚ್ ಅನುಕೂಲ. ಇಳಿದ ದಿನವೇ ಗಾಡಿ ಹಿಡಿಯಬೇಡಿ. ಗಡಿಯಾರ ಆರೂವರೆ ಗಂಟೆ ಮುಂದೆ ಹೋಗಿರುತ್ತದೆ, ನಿದ್ದೆ ಇರುವುದಿಲ್ಲ. ಒಂದು ರಾತ್ರಿ ಮಲಗಿ, ಬೆಳಿಗ್ಗೆ ಕೌಂಟರಿಗೆ ಹೋಗಿ.

ವಾಪಸ್ ಕೊಡುವ ಡಿಪೊಗಳು ಮಧ್ಯಾಹ್ನವೇ ಮುಚ್ಚುವುದುಂಟು. ಸಮಯ ಬರೆದಿಟ್ಟುಕೊಳ್ಳಿ. ಕಕ್ಕಸಿನ ಪೆಟ್ಟಿಗೆ, ಕೊಳೆ ನೀರಿನ ಟ್ಯಾಂಕ್ ಖಾಲಿ ಮಾಡಿ, ಡೀಸೆಲ್ ತುಂಬಿಸಿ ಕೊಡಬೇಕು. ಇಲ್ಲದಿದ್ದರೆ ಒಂದೊಂದಕ್ಕೂ ಬೇರೆ ಬೇರೆ ದುಡ್ಡು. ಗಾಡಿಯ ನಾಲ್ಕು ಮಗ್ಗುಲು, ಛಾವಣಿಯ ಅಂಚು, ಗಾಜು, ಮೀಟರ್ ಎಲ್ಲದರ ಫೋಟೋ ಗಾಡಿ ತಗೊಳ್ಳುವಾಗಲೂ ತೆಗೀರಿ, ವಾಪಸ್ ಕೊಡುವಾಗಲೂ ತೆಗೀರಿ. ಗಾಜಿನ ಮೇಲಿನ ಹಳೆಯ ಗೀರೊಂದನ್ನು ನಮ್ಮ ಲೆಕ್ಕಕ್ಕೆ ಬರೆಯಲು ಹೊರಟಿದ್ದರು. ಮೊದಲ ದಿನದ ಫೋಟೋ ತೋರಿಸಿದ ಮೇಲೆ ಹೊಡೆದುಹಾಕಿದರು.