ಹಾಲು ತುಂಬಿದ ತೆನೆ

ಸೆಪ್ಟೆಂಬರ್ 8, ಮೊಂತಿ ಹಬ್ಬ, ನಮ್ಮ ಕರಾವಳಿ ಕ್ಯಾಥೊಲಿಕರ ತೆನೆ ಹಬ್ಬ. ಇಗರ್ಜಿಯಿಂದ, ಅಂದರೆ ಚರ್ಚಿನಿಂದ, ತಂದ ತೆನೆಯನ್ನು ಮನೆಯ ಪೀಠದ ಮುಂದೆ ಇಟ್ಟೆ. ಬುಡದ ಕಡೆಯಿಂದ ಒಂದು ಕಾಳು ಕಿತ್ತು ಉಗುರಿನಿಂದ ಒತ್ತಿದೆ. ಹಾಲು ಬಂತು. ಒಳಗೆ ಅಕ್ಕಿ ಇನ್ನೂ ಕಟ್ಟಿರಲಿಲ್ಲ.

ಚಿಕ್ಕವಳಿದ್ದಾಗ ಇದನ್ನು ನೋಡಿ ಬೇಜಾರಾಗುತ್ತಿತ್ತು. ದೇವರಿಗೆ ಕೊಡುವುದು ಅಂದರೆ ಚೆನ್ನಾಗಿ ಬಲಿತ ತೆನೆಯೇ ಆಗಬೇಕಲ್ವಾ? ಆದರೆ ನಮ್ಮ ಕರಾವಳಿಯಲ್ಲಿ ಮಳೆಗಾಲದ ಭತ್ತದ ಬೆಳೆಯಾದ ಏಣೆಲು ಕೊಯ್ಲಿಗೆ ಬರುವುದು ಹೆಚ್ಚಾಗಿ ಹಬ್ಬ ಕಳೆದ ಮೇಲೆಯೇ. ಮಳೆ ತಡವಾದ ವರ್ಷವಂತೂ ತೆನೆ ಹಸಿರು ಹಸಿರಾಗಿಯೇ ಇರುತ್ತದೆ. ಅಜ್ಜಿಯನ್ನು ಕೇಳಿದ್ದೆ. "ಗದ್ದೆಗಿಲ್ಲದ ಅವಸರ ದೇವರಿಗೆ ಯಾಕೆ ಮಗು? ಹೊಡೆ ಬಂದಿದೆಯಲ್ಲ, ತಗೊಂಡು ಹೋಗೋಣ" ಅಂದಿದ್ದರು.

ಮಂಗಳೂರಿನ ಹತ್ತಿರದ ಫರಂಗಿಪೇಟೆಯಲ್ಲಿ ನೇತ್ರಾವತಿ ನದಿಯ ಪಕ್ಕ ಒಂದು ಗುಡ್ಡದ ಮೇಲೆ ಮೊಂತೆ ಮರಿಯಾನೊ ಇಗರ್ಜಿ ಇದೆ. ಮರಿಯಮ್ಮನ ಬೆಟ್ಟ ಅಂತ ಅರ್ಥ. 1763ರಲ್ಲಿ ಗೋವಾದ ಗುರು ಜೋಕಿಂ ಮಿರಾಂದ ಈ ಹಬ್ಬವನ್ನು ಅಲ್ಲಿ ಶುರು ಮಾಡಿದರು ಅಂತ ಹಿರಿಯರು ಹೇಳುತ್ತಾರೆ. ಮಾತೆ ಮರಿಯಮ್ಮ ಹುಟ್ಟಿದ ದಿನ, ಜೊತೆಗೆ ಹೊಸ ಅಕ್ಕಿಯ ಹಬ್ಬ. ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನಾ ಪ್ರಾರ್ಥನೆ. ಮಕ್ಕಳು ದಿನಾ ತಟ್ಟೆ ತುಂಬ ಹೂ ತಂದು ಪುಟ್ಟ ಮರಿಯಮ್ಮನ ಮೂರ್ತಿಗೆ ಎರಚುತ್ತಾರೆ. ಯಾರ ಮನೆ ಬೇಲಿಯಲ್ಲಿ ದಾಸವಾಳ ಅರಳಿದರೂ ಆ ಒಂಬತ್ತು ದಿನ ಉಳಿಯುವುದಿಲ್ಲ!

ಹಬ್ಬದ ದಿನ ಇಗರ್ಜಿಯಲ್ಲಿ ಬಲಿಪೂಜೆ (ಮಾಸ್) ಮುಗಿದ ಮೇಲೆ ಮನೆಗಿಷ್ಟು ಅಂತ ತೆನೆ ಹಂಚುತ್ತಾರೆ. ನನ್ನ ಮನಸ್ಸು ಪ್ರತಿವರ್ಷ ಇಲ್ಲೇ ನಿಂತುಬಿಡುತ್ತದೆ. ಸಾಲಿನಲ್ಲಿ ಯಾರಿಲ್ಲ? ದಿನಾ ಜಪಸರ ಹೇಳುವವರಿದ್ದಾರೆ. ವರ್ಷಕ್ಕೊಮ್ಮೆ ಮುಖ ತೋರಿಸುವವರಿದ್ದಾರೆ. ನಿನ್ನೆ ರಾತ್ರಿ ಕುಡಿದು ಮನೆಯಲ್ಲಿ ಗಲಾಟೆ ಮಾಡಿದವರೂ ಇದ್ದಾರೆ. ಪಕ್ಕದ ಮನೆಯ ಹಿಂದೂ ಮಕ್ಕಳು ಹೂವಿನ ತಟ್ಟೆ ಹಿಡಿದು ನಮ್ಮ ಮಕ್ಕಳ ಜೊತೆಗೇ ನಿಂತಿರುತ್ತಾರೆ. ಕೈ ಚಾಚಿದವರಿಗೆಲ್ಲ ತೆನೆ. ನೀನು ಎಷ್ಟು ಒಳ್ಳೆಯವನು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಯೇಸುಸ್ವಾಮಿಯ ರಕ್ಷಣೆಯೂ ಹೀಗೇ ಕೈಗೆ ಬರುತ್ತದೆ ಅಂತ ನಾನು ಮನಸಾರೆ ನಂಬುತ್ತೇನೆ. ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನಿಗೆ ಬದುಕು ತಿದ್ದಿಕೊಳ್ಳಲು ಒಂದು ಪೂರ್ತಿ ದಿನವೂ ಉಳಿದಿರಲಿಲ್ಲ. ಆದರೂ ಅವತ್ತೇ ಪರದೈಸಿನ, ಅಂದರೆ ಸ್ವರ್ಗದ, ಮಾತು ಸಿಕ್ಕಿತು.

ಇದನ್ನು ಯೇಸುವಿನ ಶಿಷ್ಯ ಪೇತ್ರನೂ ಒಮ್ಮೆಗೇ ಕಲಿಯಲಿಲ್ಲ. ಯೆಹೂದ್ಯನಲ್ಲದವನ ಮನೆಗೆ ಕಾಲಿಡಬಾರದು ಅಂತ ನಂಬಿ ಬೆಳೆದವನು ಅವನು. ಕೊರ್ನೇಲಿಯ ಎಂಬ ರೋಮನ್ ಸೇನಾಧಿಕಾರಿಯ ಮನೆಗೆ ಅವನನ್ನು ಕಳಿಸಲು ದೇವರು ಒಂದೇ ದರ್ಶನವನ್ನು ಮೂರು ಸಲ ತೋರಿಸಬೇಕಾಯಿತು. ಅಲ್ಲಿ ಪೇತ್ರ ಮಾತಾಡುತ್ತಿದ್ದಾಗಲೇ ಪವಿತ್ರಾತ್ಮರು ಎಲ್ಲರ ಮೇಲೆ ಇಳಿದುಬಂದರು. ದೀಕ್ಷಾಸ್ನಾನ ಆಗಿದ್ದು ಆಮೇಲೆ. ದೇವರಿಗೆ ಭೇದವಿಲ್ಲ ಅಂತ ಪೇತ್ರನೇ ಬಾಯಿಬಿಟ್ಟು ಹೇಳಿದ.

ಅಷ್ಟಾದ ಮೇಲೂ ಅಂತಿಯೋಕ್ಯ ಎಂಬ ಪಟ್ಟಣದಲ್ಲಿ ಜಾರಿದ. ಯೆಹೂದ್ಯರಲ್ಲದವರ ಜೊತೆ ಊಟಕ್ಕೆ ಕೂರುತ್ತಿದ್ದವನು, ಜೆರುಸಲೇಮಿನ ಕಡೆಯ ಯೆಹೂದ್ಯ ವಿಶ್ವಾಸಿಗಳು ಬಂದ ಕೂಡಲೇ ಹೆದರಿ ದೂರ ಸರಿದ. ಜೊತೆಯ ಪ್ರೇಷಿತ ಪೌಲ ಎಲ್ಲರೆದುರೇ ಅವನನ್ನು ಗದರಿದ. ಮೊದಲು ಇದನ್ನು ಓದಿದಾಗ ಸಂಕಟವಾಗಿತ್ತು. ಈಗ ಈ ಭಾಗ ಶುಭಸಂದೇಶದಷ್ಟೇ ಸಮಾಧಾನ ಕೊಡುತ್ತದೆ. ಯೇಸುವಿನ ಜೊತೆ ನಡೆದವನು, ಮೂರು ಸಲ 'ಅವನನ್ನು ಅರಿಯೆ' ಅಂದು ಅತ್ತವನು, ಪವಿತ್ರಾತ್ಮರನ್ನು ಪಡೆದವನು, ಇನ್ನೂ ಬೆಳೆಯುತ್ತಿದ್ದ. ದೇವರು ಅವನನ್ನು ಬಿಸಾಡಲಿಲ್ಲ.

ತೆನೆಯನ್ನು ಹತ್ತಿರದಿಂದ ನೋಡಿದ್ದೀರಾ? ತುದಿಯ ಕಾಳು ಮೊದಲು ಬಲಿಯುತ್ತದೆ, ಬುಡದ್ದು ಆಮೇಲೆ. ಒಂದೇ ತೆನೆ, ಒಂದೇ ಬೇರು, ಆದರೂ ಎಲ್ಲ ಕಾಳು ಒಂದೇ ದಿನ ಹಣ್ಣಾಗುವುದಿಲ್ಲ. ಬೈಬಲಿನ ಮಾರ್ಕನ ಶುಭಸಂದೇಶದಲ್ಲಿ ಯೇಸು ಒಬ್ಬ ರೈತನ ಸಾಮತಿ (ದೃಷ್ಟಾಂತ ಕತೆ) ಹೇಳುತ್ತಾರೆ. ಅವನು ಬಿತ್ತಿ ಮಲಗುತ್ತಾನೆ, ಏಳುತ್ತಾನೆ. ಬೀಜ ಮೊಳೆತು ಬೆಳೆಯುತ್ತದೆ, ಹೇಗೆ ಅಂತ ಅವನಿಗೇ ಗೊತ್ತಿಲ್ಲ. ಮೊದಲು ಗರಿ, ಆಮೇಲೆ ಹೊಡೆ, ಕೊನೆಗೆ ಕಾಳು. ಗರಿಯನ್ನು ಹಿಡಿದು ಎಳೆದರೆ ಬೇಗ ಬೆಳೆಯುತ್ತದೆಯೇ? ಬುಡಸಮೇತ ಕಿತ್ತು ಬರುತ್ತದೆ, ಅಷ್ಟೇ.

ನನ್ನಲ್ಲಿ ಬಲಿಯದೇ ಉಳಿದ ಕಾಳು ಸಿಟ್ಟು. ಅಪ್ಪನ ಗದ್ದೆ ಪಾಲಾದಾಗ ಅಣ್ಣನ ಜೊತೆ ಮಾತು ಬಿಟ್ಟೆ. ಪ್ರತಿ ನೊವೆನಾದಲ್ಲೂ 'ಈ ಸಲ ಕ್ಷಮಿಸಿಬಿಡುತ್ತೇನೆ' ಅಂತ ಹರಕೆ ಹೊತ್ತುಕೊಳ್ಳುತ್ತಿದ್ದೆ. ಹಬ್ಬದ ಊಟದ ಎಲೆ ಎತ್ತುವ ಹೊತ್ತಿಗೆ ಅದೇ ಸಿಟ್ಟು. ಪಾಪನಿವೇದನೆಯಲ್ಲಿ ವರ್ಷ ವರ್ಷ ಅದೇ ಮಾತು ಹೇಳಲು ನಾಚಿಕೆಯಾಗಿ ಒಮ್ಮೆ ಅತ್ತುಬಿಟ್ಟೆ. ಒಳಗಿದ್ದ ಗುರುಗಳು ಕೇಳಿದ್ದು ಒಂದೇ ಪ್ರಶ್ನೆ. "ಊರಿಂದ ದೂರ ಇರುವವರಿಗೆ ತೆನೆ ಕಳಿಸ್ತೀರಲ್ಲ, ಅಣ್ಣನಿಗೆ ಕಳಿಸಿದ್ದೀರಾ?"

ಆ ವರ್ಷ ಒಂದು ಕವರಿನಲ್ಲಿ ತೆನೆ ಹಾಕಿ ಮುಂಬೈಗೆ ಪೋಸ್ಟ್ ಮಾಡಿದೆ. ಒಂದು ಅಕ್ಷರವನ್ನೂ ಬರೆಯಲಿಲ್ಲ. ಬರೆಯಲು ಕೈ ಬರಲಿಲ್ಲ. ಮರುವರ್ಷ 'ಅತ್ತಿಗೆಗೂ ಮಕ್ಕಳಿಗೂ' ಅಂತ ಬರೆದೆ. ಅದಾದ ಮೇಲೆ ಎರಡು ವರ್ಷ ಮತ್ತೆ ಏನೂ ಬರೆಯಲಿಲ್ಲ. ತೆನೆ ಮಾತ್ರ ತಪ್ಪದೇ ಹೋಗುತ್ತಿತ್ತು.

ಈ ವರ್ಷ ಪಾಯಸಕ್ಕೆ ಕಾಳು ಸುಲಿಯಲು ಕೂತಿದ್ದೆ. ತುದಿಯಲ್ಲಿ ಬಲಿತದ್ದನ್ನೇ ಆರಿಸಿ, ತೆಂಗಿನ ಹಾಲಿಗೆ ಹಾಕಲು ಏಳು ಕಾಳು ಎಣಿಸುತ್ತಿದ್ದಾಗ ಫೋನ್ ಬಂತು. ಅಣ್ಣ.

"ತೆನೆ ಇನ್ನೂ ಬಂದಿಲ್ಲ. ಕಳಿಸಿದ್ದೀಯಾ?" ಅಂದ.

"ನಾಳೆ ಕಳಿಸ್ತೇನೆ ಅಣ್ಣ. ಈ ಸಲ ಸ್ವಲ್ಪ ಹಸಿರು ಇದೆ" ಅಂದೆ.

"ಇರಲಿ, ಪರವಾಗಿಲ್ಲ" ಅಂದ.