ಲೆಕ್ಕದ ಪುಸ್ತಕದಲ್ಲಿ ಕಾಣದ ಹೆಂಗಸರನ್ನು ಹುಡುಕಿದ ಕ್ಲಾಡಿಯಾ ಗೋಲ್ಡಿನ್

19ನೇ ಶತಮಾನದ ಉತ್ತರಾರ್ಧದ ಅಮೆರಿಕದ ಜನಗಣತಿ ದಾಖಲೆಗಳಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಉದ್ಯೋಗ ಬರೆಯಲು ಒಂದು ಕಾಲಂ ಇರುತ್ತಿತ್ತು. ಮದುವೆಯಾದ ಹೆಂಗಸಾದರೆ ಅಲ್ಲಿ ಎಷ್ಟೋ ಸಲ 'ಹೆಂಡತಿ' ಅಂತ ಬರೆದು ಮುಗಿಸಿಬಿಡುತ್ತಿದ್ದರು. ಆಕೆ ಬೆಳಿಗ್ಗೆಯಿಂದ ಸಂಜೆವರೆಗೆ ಗಂಡನ ಜೊತೆ ಹೊಲದಲ್ಲಿ ದುಡಿದಿರಬಹುದು, ಮನೆಯಲ್ಲಿ ಬಾಡಿಗೆಗೆ ಜನ ಇಟ್ಟುಕೊಂಡು ಅವರಿಗೆ ಅಡುಗೆ ಮಾಡಿ ಹಾಕಿ ನಾಲ್ಕು ಕಾಸು ಸಂಪಾದಿಸಿರಬಹುದು, ಮನೆಯಲ್ಲೇ ಕೂತು ಬಟ್ಟೆ ಹೊಲಿದಿರಬಹುದು. ಸರ್ಕಾರದ ಲೆಕ್ಕದಲ್ಲಿ ಮಾತ್ರ ಅವಳಿಗೆ ಕೆಲಸ ಇಲ್ಲ.

ಅಮೆರಿಕದ ಅರ್ಥಶಾಸ್ತ್ರಜ್ಞೆ ಕ್ಲಾಡಿಯಾ ಗೋಲ್ಡಿನ್ ಈ ಲೆಕ್ಕವನ್ನು ನಂಬಲಿಲ್ಲ. ಜನ ದಿನದ ಸಮಯ ಹೇಗೆ ಕಳೆಯುತ್ತಾರೆ ಎಂಬ ಹಳೆಯ ಸಮೀಕ್ಷೆಗಳು, ಕಾರ್ಖಾನೆಗಳ ಅಂಕಿಅಂಶ, ಬೇಸಾಯದ ದಾಖಲೆ, ಹೀಗೆ ಸಿಕ್ಕಿದ್ದನ್ನೆಲ್ಲ ಒಟ್ಟುಹಾಕಿ ಮತ್ತೆ ಲೆಕ್ಕ ಮಾಡಿದರು. 1890ರ ದಶಕದ ಕೊನೆಗೆ ದುಡಿಯುತ್ತಿದ್ದ ವಿವಾಹಿತ ಹೆಂಗಸರ ಪ್ರಮಾಣ ಜನಗಣತಿ ಹೇಳಿದ್ದಕ್ಕಿಂತ ಸುಮಾರು ಮೂರು ಪಟ್ಟು ಜಾಸ್ತಿ ಇತ್ತು ಅಂತ ಗೊತ್ತಾಯಿತು. ಮೂರು ಪಟ್ಟು! ಇಷ್ಟು ದೊಡ್ಡ ವಿಷಯ ಅಲ್ಲೇ, ಎಲ್ಲರ ಕಣ್ಣೆದುರಿಗೇ ಇತ್ತು. ನೋಡುವವರು ಬೇಕಿತ್ತು.

2023ರ ಅಕ್ಟೋಬರ್‌ನಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರಿಗಿಂತ ಮುಂಚೆ ಇಬ್ಬರೇ ಹೆಂಗಸರಿಗೆ ಬಂದಿತ್ತು, 2009ರಲ್ಲಿ ಎಲಿನೋರ್ ಆಸ್ಟ್ರಮ್, 2019ರಲ್ಲಿ ಎಸ್ತರ್ ಡುಫ್ಲೋ. ಅವರಿಬ್ಬರೂ ಬೇರೆಯವರ ಜೊತೆ ಹಂಚಿಕೊಂಡಿದ್ದರು. ಒಬ್ಬರೇ ಪಡೆದ ಮೊದಲ ಮಹಿಳೆ ಗೋಲ್ಡಿನ್. ಆಗ ಅವರಿಗೆ 77 ವರ್ಷ.

ಹುಟ್ಟಿದ್ದು 1946ರಲ್ಲಿ, ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ. ಅಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿ. ಹುಡುಗಿಗೆ ಮೊದಲು ಪುರಾತತ್ವದ ಹುಚ್ಚು, ಆಮೇಲೆ ಸೂಕ್ಷ್ಮಜೀವಿಗಳ ಹುಚ್ಚು. ಬ್ಯಾಕ್ಟೀರಿಯಾ ಬಗ್ಗೆ ಓದಬೇಕು ಅಂತಲೇ ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದ್ದು. ಅಲ್ಲಿ ಆಲ್ಫ್ರೆಡ್ ಕಾನ್ ಅನ್ನುವ ಮೇಷ್ಟ್ರ ಪಾಠ ಕೇಳಿ ಮನಸ್ಸು ಅರ್ಥಶಾಸ್ತ್ರದ ಕಡೆ ತಿರುಗಿತು. ಮುಂದೆ ಅಮೆರಿಕದ ವಿಮಾನಯಾನದ ಮೇಲಿದ್ದ ಸರ್ಕಾರಿ ನಿಯಂತ್ರಣಗಳನ್ನು ಸಡಿಲಿಸಿದ್ದು ಇದೇ ಕಾನ್. ಒಬ್ಬ ಒಳ್ಳೆಯ ಮೇಷ್ಟ್ರು ಸಿಕ್ಕರೆ ಬದುಕಿನ ದಾರಿಯೇ ಬದಲಾಗುತ್ತದೆ ಅಲ್ವಾ? ಅಲ್ಲಿಂದ ಶಿಕಾಗೋ, 1972ರಲ್ಲಿ ಪಿಎಚ್‌ಡಿ. ಹೆಂಗಸರ ವಿಷಯ ಇನ್ನೂ ಕೈಗೆತ್ತಿಕೊಂಡಿರಲಿಲ್ಲ. ಪ್ರಬಂಧ ಬರೆದದ್ದು ಅಮೆರಿಕದ ದಕ್ಷಿಣ ರಾಜ್ಯಗಳ ನಗರಗಳಲ್ಲಿದ್ದ ಗುಲಾಮಗಿರಿಯ ಬಗ್ಗೆ. ಆಮೇಲೆ ಕೆಲವು ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡಿ 1990ರಲ್ಲಿ ಹಾರ್ವರ್ಡ್ ಸೇರಿದರು. ಅಲ್ಲಿನ ಅರ್ಥಶಾಸ್ತ್ರ ವಿಭಾಗದಲ್ಲಿ ಕಾಯಂ ಹುದ್ದೆ ಪಡೆದ ಮೊದಲ ಹೆಂಗಸು ಅವರೇ. 1990 ಅಂದರೆ ಮೊನ್ನೆ ಮೊನ್ನೆ!

ತಮ್ಮನ್ನು ತಾವು ಪತ್ತೇದಾರಿ ಅಂತ ಕರೆದುಕೊಳ್ಳುತ್ತಾರೆ. ನನಗೆ ಅವರಲ್ಲಿ ತುಂಬ ಇಷ್ಟವಾಗುವುದು ಇದೇ. ಸಿದ್ಧಾಂತ ಮೊದಲು ಕಟ್ಟಿಕೊಂಡು ಅದಕ್ಕೆ ಅಂಕಿ ಹೊಂದಿಸುವುದಲ್ಲ, ದೂಳು ಹಿಡಿದ ಕಡತದ ಹತ್ತಿರ ತಾವೇ ಹೋಗಿ ಕೂರುವುದು. ಅಯೋವಾ ರಾಜ್ಯದಲ್ಲಿ 1915ರಲ್ಲಿ ಒಂದು ಜನಗಣತಿ ನಡೆದಿತ್ತು, ಪ್ರತಿಯೊಬ್ಬರ ಓದು ಎಷ್ಟು, ಆದಾಯ ಎಷ್ಟು ಅಂತ ಕೇಳಿ ಕಾರ್ಡ್‌ಗಳಲ್ಲಿ ಬರೆದಿಟ್ಟಿದ್ದರು. ಗೋಲ್ಡಿನ್ ಮತ್ತು ಅವರ ಪತಿ ಲಾರೆನ್ಸ್ ಕಾಟ್ಜ್ (ಅವರೂ ಅರ್ಥಶಾಸ್ತ್ರಜ್ಞರೇ) ಆ ಕಾರ್ಡ್‌ಗಳಿಂದ ಮಾಹಿತಿ ತೆಗೆದು, ಓದಿಗೂ ಸಂಬಳಕ್ಕೂ ಆಗ ಏನು ಸಂಬಂಧ ಇತ್ತು ಅಂತ ತೋರಿಸಿದರು.

ಇನ್ನೂರು ವರ್ಷಗಳ ಲೆಕ್ಕ ಸರಿಯಾಗಿ ಜೋಡಿಸಿದಾಗ ಇಂಗ್ಲಿಷಿನ ಯು ಅಕ್ಷರದ ಆಕಾರ ಬಂತು. ಬೇಸಾಯದ ಕಾಲದಲ್ಲಿ ಹೆಂಗಸರು ಜಾಸ್ತಿ ದುಡಿಯುತ್ತಿದ್ದರು. ಕಾರ್ಖಾನೆಗಳು ಬಂದಾಗ ಕೆಲಸ ಮನೆಯಿಂದ ದೂರ ಹೋಯಿತು, ವಿವಾಹಿತ ಹೆಂಗಸರು ಹಿಂದೆ ಸರಿದರು. 20ನೇ ಶತಮಾನದಲ್ಲಿ ಆಫೀಸು, ಶಾಲೆ, ಆಸ್ಪತ್ರೆ ಕೆಲಸಗಳು ಹೆಚ್ಚಿದಂತೆ ಮತ್ತೆ ಮೇಲೇರಿದರು. ದೇಶ ಶ್ರೀಮಂತವಾದರೆ ಹೆಂಗಸರಿಗೆ ತಾನಾಗೇ ಕೆಲಸ ಸಿಗುತ್ತದೆ ಅನ್ನುವ ನಂಬಿಕೆ ಇಲ್ಲಿ ಮುರಿದುಬೀಳುತ್ತದೆ. ಏರುವ ಹಾದಿಯಲ್ಲೂ ಅಡ್ಡಿಗಳಿದ್ದವು. 1930ರ ದಶಕದಲ್ಲಂತೂ ಅಮೆರಿಕದ ಎಷ್ಟೋ ಶಾಲೆಗಳು, ಕಂಪನಿಗಳು ಮದುವೆಯಾದ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಲೇ ಇರಲಿಲ್ಲ. ಅಮ್ಮ ಮನೆಯಲ್ಲೇ ಇದ್ದುದನ್ನು ನೋಡಿ ಬೆಳೆದ ಹುಡುಗಿಯರು, ತಮ್ಮ ಬದುಕೂ ಹೀಗೇ ಅಂದುಕೊಂಡು ಅದಕ್ಕೆ ತಕ್ಕಷ್ಟೇ ಓದಿದರು. ಆಮೇಲೆ ಕಾಲ ಬದಲಾಯಿತು, ಮಕ್ಕಳು ದೊಡ್ಡವರಾದ ಮೇಲೆ ಕೆಲಸಕ್ಕೆ ಹೋದರು, ಆದರೆ ಬೇಕಾದ ಓದು ಕೈಯಲ್ಲಿ ಇರಲಿಲ್ಲ.

ಗರ್ಭನಿರೋಧಕ ಮಾತ್ರೆಯ ಬಗ್ಗೆ ಗೋಲ್ಡಿನ್ ಮತ್ತು ಕಾಟ್ಜ್ 2002ರಲ್ಲಿ ಪ್ರಕಟಿಸಿದ ಲೇಖನ ಇದರ ಮುಂದಿನ ಕಥೆ. ಅಮೆರಿಕದಲ್ಲಿ ಮಾತ್ರೆಗೆ ಅನುಮತಿ ಸಿಕ್ಕಿದ್ದು 1960ರಲ್ಲಿ. ಮದುವೆಯಾಗದ ಹುಡುಗಿಯರಿಗೆ ಮಾತ್ರ ಸುಲಭವಾಗಿ ಸಿಗುತ್ತಿರಲಿಲ್ಲ. ಒಂದೊಂದು ರಾಜ್ಯದಲ್ಲಿ ಕಾನೂನು ಬದಲಾದದ್ದು ಒಂದೊಂದು ವರ್ಷ. ಆ ಹಿಂದುಮುಂದನ್ನೇ ಹಿಡಿದು ಹೋಲಿಸಿ ನೋಡಿದರೆ, ಮಾತ್ರೆ ಬೇಗ ಸಿಕ್ಕ ಕಡೆ ಹುಡುಗಿಯರು ಮದುವೆ ಮುಂದೂಡಿದ್ದರು, ವೈದ್ಯಕೀಯ, ಕಾನೂನಿನಂಥ ಉದ್ದದ ಓದಿಗೆ ಧೈರ್ಯ ಮಾಡಿದ್ದರು.

ನಮ್ಮ ಕಡೆಯ ಲೆಕ್ಕ ಹೇಗಿದೆ? ಭಾರತ ಸರ್ಕಾರದ ಕಾರ್ಮಿಕ ಸಮೀಕ್ಷೆಯಲ್ಲಿ 93 ಅಂತ ಒಂದು ಸಂಕೇತ ಇದೆ. ಮನೆಗೆಲಸದ ಜೊತೆಗೆ ಸೌದೆ ತರುವುದು, ದನಕ್ಕೆ ಮೇವು ತರುವುದು, ಮನೆಯವರಿಗೆ ಬಟ್ಟೆ ಹೊಲಿಯುವುದು ಮಾಡುವವರು ಇದರಲ್ಲಿ ಸೇರುತ್ತಾರೆ. ಇವರು ದುಡಿಯುವವರ ಲೆಕ್ಕದಲ್ಲಿ ಇಲ್ಲ. ದಕ್ಷಿಣ ಕನ್ನಡದಲ್ಲಿ ಮನೆಯಲ್ಲಿ ಬೀಡಿ ಕಟ್ಟುವವರು, ಬೆಂಗಳೂರಿನ ಗಲ್ಲಿಗಳಲ್ಲಿ ಊದುಬತ್ತಿ ಹೊಸೆಯುವವರು ದುಡ್ಡಿಗಾಗಿ ದುಡಿಯುವವರು, ನಿಯಮದ ಪ್ರಕಾರ ಲೆಕ್ಕಕ್ಕೆ ಬರಲೇಬೇಕು. ಆದರೆ ಮನೆ ಬಾಗಿಲಿಗೆ ಬಂದ ಗಣತಿಯವರು "ಇವರೇನು ಮಾಡ್ತಾರೆ?" ಅಂತ ಕೇಳಿದಾಗ ಗಂಡಸರು "ಏನಿಲ್ಲ, ಮನೇಲೇ ಇರ್ತಾಳೆ" ಅಂದುಬಿಟ್ಟರೆ? ಗೋಲ್ಡಿನ್ ಓದಿದ ಮೇಲೆ ಈ ಉತ್ತರ ಕೇಳಿದರೆ ನನಗೆ ಸುಮ್ನಿರೋಕೆ ಆಗಲ್ಲ.

ಈಗಿನ ಕಾಲದ ಬಗ್ಗೆ ಅವರು ಹೇಳಿದ್ದು ಇನ್ನೂ ಹತ್ತಿರದ್ದು. ಶಿಕಾಗೋದಲ್ಲಿ ಎಂಬಿಎ ಮುಗಿಸಿದ ಗಂಡಸರು, ಹೆಂಗಸರ ಸಂಬಳವನ್ನು ಅರ್ಥಶಾಸ್ತ್ರಜ್ಞೆ ಮರಿಯಾನ್ ಬರ್ಟ್ರಾಂಡ್ ಮತ್ತು ಕಾಟ್ಜ್ ಜೊತೆ ಸೇರಿ ವರ್ಷ ವರ್ಷ ಹಿಂಬಾಲಿಸಿದರು. ಶುರುವಿನಲ್ಲಿ ಸಂಬಳ ಹೆಚ್ಚುಕಮ್ಮಿ ಒಂದೇ. ಹತ್ತು ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅಂತರ ದೊಡ್ಡದು. ಕಾರಣ ಹುಡುಕಿದರೆ ಮಗು, ಮಗುವಿಗಾಗಿ ತೆಗೆದುಕೊಂಡ ಬಿಡುವು, ಕಡಿಮೆಯಾದ ಕೆಲಸದ ಗಂಟೆಗಳು. ರಾತ್ರಿ, ಭಾನುವಾರ ಅನ್ನದೆ ಯಾವಾಗ ಕರೆದರೂ ಸಿಗುವವರಿಗೆ ಕೆಲವು ಉದ್ಯೋಗಗಳು ವಿಪರೀತ ದುಡ್ಡು ಕೊಡುತ್ತವೆ. ಇವನ್ನು ಗೋಲ್ಡಿನ್ ದುರಾಸೆಯ ಕೆಲಸಗಳು ಅನ್ನುತ್ತಾರೆ. ಮನೆಯಲ್ಲಿ ಒಬ್ಬರು ಅಂಥ ಕೆಲಸ ಹಿಡಿದರೆ ಇನ್ನೊಬ್ಬರು ಮಗುವಿಗೆ ಜ್ವರ ಬಂದಾಗ ಓಡಿಬರುವ ಕೆಲಸ ಹಿಡಿಯಬೇಕು, ಆ ಇನ್ನೊಬ್ಬರು ಸಾಮಾನ್ಯವಾಗಿ ಹೆಂಡತಿಯೇ. ಬೆಂಗಳೂರಿನಲ್ಲಿ ರಾತ್ರಿ ಹತ್ತಕ್ಕೆ ಅಮೆರಿಕದವರ ಜೊತೆ ಮೀಟಿಂಗ್‌ಗೆ ಕೂರುವ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಕಾಲೇಜು, ಒಂದೇ ಪ್ಯಾಕೇಜಿನಿಂದ ಶುರು ಮಾಡಿದ ಗಂಡ ಹೆಂಡತಿಯನ್ನು ನಾನೇ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಇಬ್ಬರೂ ಒಳ್ಳೆಯವರೇ, ಪರಸ್ಪರ ಗೌರವವೂ ಇದೆ, ಆದರೂ ಹಿಂದೆ ಉಳಿದವಳು ಅವಳೇ.

ಹಾಗಾದರೆ ದಾರಿ ಏನು? ಅವರು ತೋರಿಸಿದ ಉದಾಹರಣೆ ಔಷಧಿ ಅಂಗಡಿಯದು. ಮೊದಲು ಅಮೆರಿಕದಲ್ಲಿ ಔಷಧಿ ಅಂಗಡಿಗಳು ಹೆಚ್ಚಾಗಿ ಒಬ್ಬೊಬ್ಬರ ಸ್ವಂತದ್ದು, ಮಾಲೀಕ ಗಂಡಸು, ಹೆಂಗಸರು ಸಹಾಯಕ್ಕೆ. ಆಮೇಲೆ ದೊಡ್ಡ ಸರಪಳಿ ಅಂಗಡಿಗಳು ಬಂದವು, ಗಿರಾಕಿಯ ವಿವರ ಕಂಪ್ಯೂಟರ್‌ಗೆ ಸೇರಿತು, ಒಬ್ಬ ಫಾರ್ಮಸಿಸ್ಟ್ ಮಾಡುವ ಕೆಲಸವನ್ನು ಇನ್ನೊಬ್ಬರು ಆರಾಮಾಗಿ ಮುಂದುವರಿಸುವಂತಾಯಿತು. ಕಡಿಮೆ ಗಂಟೆ ದುಡಿದರೂ ಗಂಟೆಯ ಕೂಲಿ ಅಷ್ಟೇನೂ ಇಳಿಯುವುದಿಲ್ಲ. ಈಗ ಅಲ್ಲಿ ಅರ್ಧಕ್ಕಿಂತ ಜಾಸ್ತಿ ಫಾರ್ಮಸಿಸ್ಟ್‌ಗಳು ಹೆಂಗಸರು, ಸಂಬಳದ ಅಂತರವೂ ಬೇರೆ ಎಷ್ಟೋ ವೃತ್ತಿಗಳಿಗಿಂತ ಕಡಿಮೆ. ಸ್ವಂತ ಅಂಗಡಿ ಹೋಗಿ ಕಂಪನಿ ಅಂಗಡಿ ಬಂದದ್ದು ಪೂರ್ತಿ ಒಳ್ಳೆಯದೇ ಅಂತ ನಾನು ಹೇಳಲ್ಲ. ಆದರೆ ಹೆಂಗಸರಿಗೆ ಉಪದೇಶ ಮಾಡುವುದನ್ನು ಬಿಟ್ಟು ಕೆಲಸದ ರೀತಿಯನ್ನೇ ಬದಲಾಯಿಸಬಹುದು ಅಂತ ಇಷ್ಟು ಗಟ್ಟಿ ಪುರಾವೆ ಇಟ್ಟು ತೋರಿಸಿದ್ದು ದೊಡ್ಡ ವಿಷಯ.

ಒಂದು ಮಾತು ಹೇಳಲೇಬೇಕು. ಅವರ ಇತ್ತೀಚಿನ ಕೆಲಸದಲ್ಲಿ ಬರುವವರು ಹೆಚ್ಚಾಗಿ ಕಾಲೇಜು ಓದಿದ ಅಮೆರಿಕದ ಹೆಂಗಸರು. ರಾಯಚೂರಿನ ಹತ್ತಿ ಹೊಲದಲ್ಲಿ ಕೂಲಿ ಮಾಡುವವಳ ಕಷ್ಟಕ್ಕೆ ಫಾರ್ಮಸಿಯ ಉತ್ತರ ಹೊಂದುವುದಿಲ್ಲ. ಅವಳ ದುಡಿಮೆಗೆ ಬೇಕಾಗಿರುವುದು ಗೋಲ್ಡಿನ್ ಅವರ ಹಳೆಯ ಕೆಲಸ, ಆ 'ಹೆಂಡತಿ' ಕಾಲಂ ತಿದ್ದಿದ ಕೆಲಸ. ಅದನ್ನು ನಮ್ಮ ಜಿಲ್ಲೆಗಳ ಹಳೆಯ ಗಣತಿ ಪುಸ್ತಕ, ಬೀಡಿ ಕಂಪನಿಗಳ ಲೆಕ್ಕ, ಹಾಲಿನ ಡೇರಿಗಳ ದಾಖಲೆ ಇಟ್ಟುಕೊಂಡು ಯಾರಾದರೂ ಮಾಡಬೇಕು. ಅರ್ಥಶಾಸ್ತ್ರ ಎಂಎ ಓದುತ್ತಾ ಪಿಎಚ್‌ಡಿಗೆ ವಿಷಯ ಹುಡುಕುತ್ತಿರುವವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಯೋಚನೆ ಮಾಡಿ.