ಹಂಪ್ಟಾ ಪಾಸ್‌ಗೆ ಹೊರಡುವ ಕರಾವಳಿಯವರು ಸ್ಲೀಪಿಂಗ್ ಬ್ಯಾಗ್ ಹೇಗೆ ಆರಿಸಬೇಕು?

ಮಂಗಳೂರಿನಲ್ಲಿ ಚಳಿ ಅಂದರೆ ಜನವರಿಯ ಬೆಳಗಿನ ಇಪ್ಪತ್ತು ಡಿಗ್ರಿ. ಫ್ಯಾನ್ ಸ್ವಲ್ಪ ಕಡಿಮೆ ಮಾಡಿ ತೆಳು ಹೊದಿಕೆ ಎಳೆದುಕೊಂಡರೆ ಮುಗಿಯಿತು. ಹಾಗಾಗಿ ಹಿಮಾಲಯದಲ್ಲಿ ಟೆಂಟ್ ಹಾಕಿ ಮಲಗಲು ಹೊರಟಾಗ ನಮಗೆ ಅಂದಾಜೇ ಸಿಗುವುದಿಲ್ಲ. ಅಂಗಡಿಯಲ್ಲಿ ಯಾವ ಸ್ಲೀಪಿಂಗ್ ಬ್ಯಾಗಿನೊಳಗೆ ಕೈ ಹಾಕಿದರೂ ಸೆಖೆ ಅನಿಸುತ್ತದೆ. ಇಷ್ಟು ಬೆಚ್ಚಗಿದ್ದರೆ ಧಾರಾಳ ಅಂತ ತಂದುಬಿಡುತ್ತಾರೆ. ಈ ಆಯ್ಕೆಯಲ್ಲಿ ನಮ್ಮ ಊರಿನ ಮೈಯನ್ನು ನಂಬಬೇಡಿ, ಲೇಬಲ್ ಓದಿ ಅಂತ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸೆಪ್ಟೆಂಬರ್‌ನಲ್ಲಿ ಚೌತಿ ಮುಗಿಸಿ ನಾವು ಕೆಲವರು ಹಿಮಾಚಲದ ಮನಾಲಿ ಬಳಿಯ ಹಂಪ್ಟಾ ಪಾಸ್ ಅನ್ನುವ ಬೆಟ್ಟದ ಕಣಿವೆದಾರಿ ದಾಟಲು ಹೋಗಿದ್ದೆವು. ಮಂಗಳೂರು ಜಂಕ್ಷನ್‌ನಲ್ಲಿ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಹತ್ತಿದೆವು. ಉಡುಪಿಯವರು ಇಂದ್ರಾಳಿಯಲ್ಲಿ ಸೇರಿಕೊಂಡರು. ರೈಲಿನಲ್ಲಿ ಎರಡು ರಾತ್ರಿ, ಆಮೇಲೆ ದೆಹಲಿಯ ಕಾಶ್ಮೀರಿ ಗೇಟ್‌ನಿಂದ ರಾತ್ರಿ ಬಸ್ಸಿನಲ್ಲಿ ಮನಾಲಿ. ಸೆಪ್ಟೆಂಬರ್‌ನಲ್ಲಿ ಕೊಂಕಣ ರೈಲ್ವೆಗೆ ಮಳೆಗಾಲದ ವೇಳಾಪಟ್ಟಿಯೇ ಇರುತ್ತದೆ, ಗಾಡಿಯ ಸಮಯ ಬೇರೆ. ಅದನ್ನು ನೋಡಿಕೊಂಡೇ ಮುಂದಿನ ಬಸ್ ಬುಕ್ ಮಾಡಿ. ಗ್ಯಾಸ್ ಕ್ಯಾನಿಸ್ಟರ್ ರೈಲಿಗೂ ಆಗುವುದಿಲ್ಲ, ವಿಮಾನಕ್ಕೂ ಆಗುವುದಿಲ್ಲ. ಮನಾಲಿಯಲ್ಲೇ ಕೊಳ್ಳಿ. ಅಲ್ಲಿಂದ ಜೋಬ್ರಾವರೆಗೆ ಗಾಡಿ, ಆಮೇಲೆ ನಡಿಗೆ: ಚಿಕಾ, ಬಾಲು ಕಾ ಘೇರಾ, ಪಾಸ್ ದಾಟಿ ಶಿಯಾ ಗೋರು, ಕೊನೆಗೆ ಛತ್ರು. ವಾಪಸ್ ಬರುವಾಗ ಅಟಲ್ ಸುರಂಗದೊಳಗಿಂದ ಮನಾಲಿ. ಟೆಂಟ್ ನಮ್ಮದೇ, ಸ್ಥಳೀಯ ಗೈಡ್ ಒಬ್ಬರು ಜೊತೆಗಿದ್ದರು. ಗೈಡ್ ಇಲ್ಲದೆ ಈ ದಾರಿ ಹಿಡಿಯಬೇಡಿ. ಟೆಂಟ್ ಎಲ್ಲಿ ಹಾಕಬಹುದು, ಅನುಮತಿ ಏನು ಬೇಕು ಅಂತ ಮನಾಲಿಯಲ್ಲೇ ಅರಣ್ಯ ಇಲಾಖೆಯವರನ್ನು ಕೇಳಿಕೊಳ್ಳಿ.

ಚಳಿಯ ಪರೀಕ್ಷೆ ಶಿಯಾ ಗೋರುವಿನಲ್ಲಿ. ಸುಮಾರು 3900 ಮೀಟರ್ ಎತ್ತರ, ಪಕ್ಕದಲ್ಲೇ ಹೊಳೆ, ಪಾಸ್ ಕಡೆಯಿಂದ ಇಳಿದು ಬರುವ ಗಾಳಿ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ ಅಂತ ಲೆಕ್ಕ. ಮನಾಲಿ ಸುಮಾರು 2000 ಮೀಟರ್‌ನಲ್ಲಿದೆ. ಅಲ್ಲಿ ರಾತ್ರಿ ಜಾಕೆಟ್ ಹಾಕಿ ತಿರುಗಾಡಿದವರು ಮೇಲಿನ ಚಳಿ ಹೇಗಿರುತ್ತದೆ ಅಂತ ಇದರಲ್ಲೇ ಅಂದಾಜು ಮಾಡಿಕೊಳ್ಳಬಹುದು. ನಾವು ಎದ್ದಾಗ ಟೆಂಟಿನ ಹೊರಪದರದ ಮೇಲೆ ಹಿಮದ ಪುಡಿ ಗಟ್ಟಿಯಾಗಿತ್ತು. ಒಳಗಿನ ಬಟ್ಟೆಯಲ್ಲಿ ನಮ್ಮದೇ ಉಸಿರಿನ ನೀರು ಸಾಲು ಸಾಲು ಹನಿಯಾಗಿ ನಿಂತಿತ್ತು. ಕಾಲಿನ ತುದಿ ಟೆಂಟಿಗೆ ತಾಗಿದ್ದವರ ಬ್ಯಾಗ್ ಅಷ್ಟು ಜಾಗದಲ್ಲಿ ಒದ್ದೆ.

ಈಗ ಲೇಬಲ್ ವಿಷಯ. ಒಳ್ಳೆಯ ಬ್ಯಾಗಿನ ಮೇಲೆ ಮೂರು ಸಂಖ್ಯೆ ಇರುತ್ತವೆ: ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್. ಇಎನ್ 13537 ಅನ್ನುವ ಯುರೋಪಿನ ಮಾನದಂಡ 2002ರಲ್ಲಿ ಬಂತು, ಈಗ ಅದರ ಜಾಗದಲ್ಲಿ ಐಎಸ್‌ಒ 23537 ಇದೆ. ಬಿಸಿ ಮಾಡಿದ ಮನುಷ್ಯಾಕಾರದ ಬೊಂಬೆಯನ್ನು ಬ್ಯಾಗಿನಲ್ಲಿ ಮಲಗಿಸಿ ಅಳೆಯುತ್ತಾರೆ. ಕಂಫರ್ಟ್ ಅಂದರೆ ಸಾಧಾರಣ ಮೈಕಟ್ಟಿನ ಹೆಂಗಸು ಆರಾಮಾಗಿ ನಿದ್ದೆ ಮಾಡಬಹುದಾದ ಉಷ್ಣಾಂಶ. ಲಿಮಿಟ್ ಅಂದರೆ ಸಾಧಾರಣ ಗಂಡಸು ಮುದುಡಿ ಮಲಗಿ ಹೇಗೋ ರಾತ್ರಿ ಕಳೆಯಬಹುದಾದದ್ದು. ಎಕ್ಸ್‌ಟ್ರೀಮ್ ಅಂದರೆ ಜೀವ ಉಳಿಯಬಹುದು ಅಷ್ಟೇ, ದೇಹದ ಉಷ್ಣ ಅಪಾಯದ ಮಟ್ಟಕ್ಕೆ ಇಳಿಯುವ ಸಾಧ್ಯತೆ ಇದ್ದೇ ಇದೆ. ಆನ್‌ಲೈನ್‌ನಲ್ಲಿ ದೊಡ್ಡ ಅಕ್ಷರದಲ್ಲಿ "ಮೈನಸ್ 10" ಅಂತ ಹಾಕಿ ಮಾರುವ ಅಗ್ಗದ ಬ್ಯಾಗುಗಳಲ್ಲಿ ಅದು ಯಾವ ಸಂಖ್ಯೆ ಅಂತಲೇ ಬರೆದಿರುವುದಿಲ್ಲ. ಕಂಫರ್ಟ್ ಎಷ್ಟು ಅಂತ ಬರೆದಿಲ್ಲದ ಬ್ಯಾಗನ್ನು ನಾನಂತೂ ಯಾರಿಗೂ ಕೊಡಿಸುವುದಿಲ್ಲ.

ಗಂಡಸರೂ ಕಂಫರ್ಟ್ ಸಂಖ್ಯೆಯನ್ನೇ ನೋಡಿ. ಕರಾವಳಿಯ ಮೈಗೆ ಚಳಿ ಅಭ್ಯಾಸ ಇಲ್ಲ, ಜೊತೆಗೆ ಎತ್ತರದಲ್ಲಿ ದಣಿದಿರುತ್ತೀರಿ, ಊಟವೂ ಸರಿಯಾಗಿ ಸೇರಿರುವುದಿಲ್ಲ. ನನ್ನ ಲೆಕ್ಕ ಇಷ್ಟೇ: ರಾತ್ರಿ ಸೊನ್ನೆಗೆ ಇಳಿಯುತ್ತದೆ ಅಂತಿದ್ದರೆ ಕಂಫರ್ಟ್ ಮೈನಸ್ 5 ಇರುವ ಬ್ಯಾಗ್. ಬೆವರಿದರೆ ಜಿಪ್ ತೆಗೆಯಬಹುದು. ನಡುಕ ಬಂದರೆ ಅಲ್ಲಿ ಮಾಡಲಿಕ್ಕೆ ಹೆಚ್ಚೇನೂ ಇಲ್ಲ, ಅಲ್ವಾ?

ಬ್ಯಾಗಿಗಿಂತ ಜಾಸ್ತಿ ಜನ ಮೋಸ ಹೋಗುವುದು ಅಡಿಯ ಮ್ಯಾಟ್‌ನಲ್ಲಿ. ನಮ್ಮ ತಂಡದಲ್ಲಿ ಉಡುಪಿಯ ಒಬ್ಬರ ಬಳಿ ಹಕ್ಕಿಯ ತುಪ್ಪಳ ತುಂಬಿದ ದುಬಾರಿ ಡೌನ್ ಬ್ಯಾಗ್ ಇತ್ತು, ಅಡಿಗೆ ಮಾತ್ರ ತೆಳು ಯೋಗ ಮ್ಯಾಟ್. ಸೊಂಟದ ಮೂಳೆ, ಭುಜ, ಹಿಮ್ಮಡಿ ನೆಲಕ್ಕೆ ಒತ್ತುವ ಜಾಗದಲ್ಲೆಲ್ಲ ಅವರಿಗೆ ಚಳಿ ಹತ್ತಿತು. ರಾತ್ರಿಯಿಡೀ ಮಗ್ಗುಲು ಬದಲಿಸುತ್ತಲೇ ಇದ್ದರು. ಪಕ್ಕದಲ್ಲಿ ಸಾಧಾರಣ ಸಿಂಥೆಟಿಕ್ ಬ್ಯಾಗಿನವರು ಫೋಮ್ ಮ್ಯಾಟ್ ಹಾಸಿ, ಅದರ ಮೇಲೆ ಗಾಳಿ ತುಂಬಿದ ಇನ್ಸುಲೇಟೆಡ್ ಮ್ಯಾಟ್ ಹಾಕಿ ಗಡದ್ದಾಗಿ ನಿದ್ದೆ ಹೊಡೆದರು. ಕಾರಣ ಸುಲಭ. ಬೆಚ್ಚಗಿಡುವುದು ತುಪ್ಪಳವಲ್ಲ, ಅದರೊಳಗೆ ಸಿಕ್ಕಿಕೊಂಡ ಗಾಳಿ. ನಮ್ಮ ಭಾರಕ್ಕೆ ಬೆನ್ನಿನ ಕೆಳಗಿನ ತುಪ್ಪಳ ಹಪ್ಪಳದ ಹಾಗೆ ಚಪ್ಪಟೆಯಾಗುತ್ತದೆ, ಅಲ್ಲಿ ಗಾಳಿಯೇ ಉಳಿಯುವುದಿಲ್ಲ. ಆ ಕೆಲಸ ಮ್ಯಾಟ್ ಮಾಡಬೇಕು.

ಮ್ಯಾಟ್‌ಗೆ ಆರ್-ವ್ಯಾಲ್ಯೂ ಅಂತ ಒಂದು ಸಂಖ್ಯೆ ಇರುತ್ತದೆ, ಜಾಸ್ತಿ ಇದ್ದಷ್ಟೂ ನೆಲದ ಚಳಿ ಕಡಿಮೆ. ಒಳ್ಳೆಯ ಮಡಚುವ ಫೋಮ್ ಮ್ಯಾಟ್‌ಗೆ ಸುಮಾರು 2. ಎರಡು ಮ್ಯಾಟ್ ಒಂದರ ಮೇಲೊಂದು ಹಾಕಿದರೆ ಸಂಖ್ಯೆ ಕೂಡುತ್ತದೆ. ಶಿಯಾ ಗೋರುವಿನಂಥ ಜಾಗಕ್ಕೆ ಒಟ್ಟು 4ರ ಹತ್ತಿರ ಇರಲಿ. ಬೀಚಿಗೆ ಒಯ್ಯುವ ಸಾದಾ ಗಾಳಿ ಹಾಸಿಗೆ ಬೇಡವೇ ಬೇಡ. ಒಳಗಿನ ಗಾಳಿ ಓಡಾಡುತ್ತಾ ನೆಲದ ತಂಪನ್ನು ನೇರ ಬೆನ್ನಿಗೆ ತರುತ್ತದೆ. ಬಜೆಟ್ ಕಡಿಮೆ ಇದ್ದರೆ ಮೊದಲ ದುಡ್ಡು ಮ್ಯಾಟ್‌ಗೆ ಹಾಕಿ.

ಡೌನ್ ತಗೊಳ್ಳಬೇಕಾ, ಸಿಂಥೆಟಿಕ್ ತಗೊಳ್ಳಬೇಕಾ? ಡೌನ್ ಅಂದರೆ ಬಾತುಕೋಳಿಯ ಮೆತ್ತನೆಯ ತುಪ್ಪಳ. ಹಗುರ, ಚಿಕ್ಕದಾಗಿ ಮಡಚಬಹುದು, ಅದೇ ತೂಕಕ್ಕೆ ಬಿಸಿ ಜಾಸ್ತಿ. ಆದರೆ ನೀರು ಬಿದ್ದರೆ ಉಂಡೆಯಾಗುತ್ತದೆ, ಆಗ ಕೈಗೆ ಬರೀ ಎರಡು ಪದರ ಬಟ್ಟೆ ಸಿಗುತ್ತದೆ. ಸಿಂಥೆಟಿಕ್ ಭಾರ, ದಪ್ಪ. ಆದರೆ ಅರ್ಧ ಒದ್ದೆಯಾದರೂ ಸ್ವಲ್ಪ ಬೆಚ್ಚಗಿಡುತ್ತದೆ, ಬೇಗ ಒಣಗುತ್ತದೆ, ಒಗೆಯುವುದೂ ಸುಲಭ. ವರ್ಷಕ್ಕೊಮ್ಮೆ ಹೋಗುವ ನಮ್ಮ ಊರಿನವರಿಗೆ ಮೊದಲ ಬ್ಯಾಗ್ ಸಿಂಥೆಟಿಕ್ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಬ್ಯಾಗ್ ಬೆಟ್ಟದಲ್ಲಿರುವುದು ಕೆಲವೇ ದಿನ, ಉಳಿದ ಕಾಲವೆಲ್ಲ ನಮ್ಮ ಮನೆಯ ತೇವದಲ್ಲೇ ಇರಬೇಕಲ್ಲ. ಪದೇ ಪದೇ ಹೋಗುವವರು, ಬೆನ್ನಿನ ಭಾರ ಇಳಿಸಬೇಕು ಅನ್ನುವವರು ಡೌನ್ ಕೊಳ್ಳಿ.

ಆಕಾರ ಮಮ್ಮಿಯದ್ದೇ ಇರಲಿ. ಭುಜದ ಬಳಿ ಅಗಲ, ಕಾಲ ಬಳಿ ಕಿರಿದು, ತಲೆಗೆ ಟೋಪಿ. ಜಿಪ್ಪಿನ ಒಳಬದಿಯಲ್ಲಿ ಉದ್ದಕ್ಕೂ ತುಂಬಿದ ಪಟ್ಟಿ ಉಂಟಾ ನೋಡಿ, ಅದಿಲ್ಲದಿದ್ದರೆ ಗಾಳಿ ಅಲ್ಲಿಂದಲೇ ನುಗ್ಗುತ್ತದೆ. ಅಂಗಡಿಯಲ್ಲೇ ನೆಲದ ಮೇಲೆ ಮಲಗಿ ನೋಡಿ, ಸಂಕೋಚ ಬೇಡ. ಬೆರಳು ಬ್ಯಾಗಿನ ತುದಿಗೆ ಒತ್ತಬಾರದು. ಹಾಗಂತ ವಿಪರೀತ ದೊಡ್ಡದಾದರೆ ಆ ಖಾಲಿ ಜಾಗವನ್ನೆಲ್ಲ ನಿಮ್ಮ ಮೈಯೇ ಬಿಸಿ ಮಾಡಬೇಕು.

ಮಲಗುವ ಕ್ರಮವೂ ಮುಖ್ಯ. ಟೆಂಟ್ ಹಾಕಿದ ಕೂಡಲೇ ಬ್ಯಾಗನ್ನು ಚೀಲದಿಂದ ತೆಗೆದು ಕೊಡವಿ ಹರಡಿ, ಉಬ್ಬಲಿ. ನಡೆದ ಬಟ್ಟೆಯಲ್ಲೇ ಮಲಗಬೇಡಿ, ಬೆವರಿನ ತೇವ ರಾತ್ರಿ ಚಳಿಯಾಗುತ್ತದೆ. ಒಣಗಿದ ಥರ್ಮಲ್, ಸಡಿಲವಾದ ಉಣ್ಣೆ ಸಾಕ್ಸ್, ತಲೆಗೆ ಟೋಪಿ ಸಾಕು. ಮಲಗುವ ಮೊದಲು ನೆಲಗಡಲೆ ಚಿಕ್ಕಿ ತಿನ್ನಿ, ಬಾತ್‌ರೂಮ್ ಕೆಲಸ ಮುಗಿಸಿ. ಗಟ್ಟಿ ಮುಚ್ಚಳದ ಬಾಟಲಿಗೆ ಬಿಸಿನೀರು ತುಂಬಿ, ಸಾಕ್ಸ್‌ನೊಳಗೆ ಹಾಕಿ ತೊಡೆಯ ಮಧ್ಯೆ ಇಟ್ಟುಕೊಳ್ಳಿ. ಬೆಳಿಗ್ಗೆ ಕುಡಿಯಲಿಕ್ಕೂ ಅದೇ ನೀರಾಯಿತು. ಮುಖವನ್ನು ಮಾತ್ರ ಬ್ಯಾಗಿನೊಳಗೆ ಎಳೆದುಕೊಳ್ಳಬೇಡಿ, ಉಸಿರಿನ ತೇವಕ್ಕೆ ಒಳಗೆಲ್ಲ ಒದ್ದೆಯಾಗುತ್ತದೆ. ಟೆಂಟಿನ ಗಾಳಿಕಿಂಡಿ ಸ್ವಲ್ಪ ತೆರೆದಿರಲಿ.

ಒಮ್ಮೆ ಮಾತ್ರ ಹೋಗುವವರು ಮನಾಲಿಯಲ್ಲಿ ಬಾಡಿಗೆಗೆ ತೆಗೆದುಕೊಳ್ಳಬಹುದು. ಜಿಪ್ ಪೂರ್ತಿ ಎಳೆದು ನೋಡಿ, ಬೆಳಕಿಗೆ ಹಿಡಿದು ತುಂಬಿದ್ದು ಎಲ್ಲಾದರೂ ಖಾಲಿಯಾಗಿದೆಯಾ ಗಮನಿಸಿ. ಒಳಗೆ ಹಾಕಲು ಒಂದು ಲೈನರ್, ಅಂದರೆ ತೆಳು ಬಟ್ಟೆಯ ಒಳಚೀಲ, ಮನೆಯಿಂದಲೇ ಒಯ್ಯಿರಿ.

ಹೊರಡುವ ಮೊದಲು ಒಂದು ರಾತ್ರಿ ಅಭ್ಯಾಸ ಬೇಕು ಅಂದರೆ ಡಿಸೆಂಬರ್‌ನಲ್ಲಿ ಕಳಸ, ಸಂಸೆ ಕಡೆಯ ಹೋಂಸ್ಟೇಯವರನ್ನು ಕೇಳಿ ಅವರ ಅಂಗಳದಲ್ಲಿ ಟೆಂಟ್ ಹಾಕಿ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ಟೆಂಟ್ ಹಾಕುವ ಹಾಗಿಲ್ಲ. ಕಾಡಿನೊಳಗೆ ಕದ್ದು ಮಲಗುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಆನೆ, ಕಾಟಿ ಓಡಾಡುವ ಜಾಗ ಅದು.

ಊರಿಗೆ ಬಂದ ಮೇಲೆ ಬ್ಯಾಗನ್ನು ಆ ಪುಟ್ಟ ಚೀಲದಲ್ಲಿ ಬಿಡಬೇಡಿ. ತಿಂಗಳುಗಟ್ಟಲೆ ಒತ್ತಿಟ್ಟರೆ ತುಪ್ಪಳ ಮತ್ತೆ ಉಬ್ಬುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ 3500 ಮಿಲಿಮೀಟರ್ ಆಸುಪಾಸು ಮಳೆ, ಆಟಿಯಲ್ಲಿ ಕಪಾಟಿನ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ದೊಡ್ಡ ಹತ್ತಿ ಚೀಲದಲ್ಲಿ ಸಡಿಲವಾಗಿ ತುಂಬಿ, ಗೋಡೆಗೆ ತಾಗದ ಹಾಗೆ ಎತ್ತರದಲ್ಲಿ ಇಡಿ. ಮಳೆಗಾಲದಲ್ಲಿ ಆಗಾಗ ತೆಗೆದು ಫ್ಯಾನ್ ಕೆಳಗೆ ಹರಡಿ. ಒಗೆಯುವುದಿದ್ದರೆ ಡಿಸೆಂಬರ್, ಜನವರಿಯಲ್ಲೇ ಒಗೆದುಬಿಡಿ. ಡೌನ್ ಆದರೆ ಅದಕ್ಕೇ ಇರುವ ಸೋಪು ಬಳಸಿ, ಹಿಂಡಬೇಡಿ, ಒಣಗುವಾಗ ಉಂಡೆಗಳನ್ನು ಬೆರಳಿನಿಂದ ಮೆಲ್ಲಗೆ ಬಿಡಿಸುತ್ತಾ ಇರಿ. ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತದೆ, ಇನ್ನೂ ಒಂದೆರಡು ದಿನ ಗಾಳಿಗೆ ಹರಡಿಯೇ ಒಳಗಿಡಿ.